ಕೂಪನ್ ಕುರ್ಚಿ

ಡ್ರಾಯಿಂಗ್ ಮೇಷ್ಟ್ರಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ ಒಂದು ಆರಾಮಕುರ್ಚಿ. ಶಾಲೆಯ ದಾರಿಯಲ್ಲಿ ಒಂದು ಅಂಗಡಿಯ ಗಾಜಿನ ಹಿಂದೆ ಅದು ಮೈಚಾಚಿಕೊಂಡು ಕೂತಿತ್ತು. ದಿನವಿಡೀ ಕಪ್ಪುಹಲಗೆಯ ಮುಂದೆ ನಿಂತು ಹೂದಾನಿ ಬರೆದೂ ಬರೆದೂ ಸೊಂಟ ಹಿಡಿಸಿಕೊಂಡು ಬಂದ ಮನುಷ್ಯನಿಗೆ ಮನೆಯಲ್ಲಿ ಸಿಗುತ್ತಿದ್ದದ್ದು ಕುಂಟು ಸ್ಟೂಲು. (ಸೋಫಾ ಇರಲಿಲ್ಲವೆಂದಲ್ಲ. ಅದರ ಮೇಲೆ ಇಸ್ತ್ರಿಗೆ ಕಾದ ಬಟ್ಟೆಗಳು ಖಾಯಂ ಬಿಡಾರ ಹೂಡಿದ್ದವು.)

"ತಿಂಗಳ ಸಾಮಾನು ತಂದ್ಮೇಲೆ ಏನಾದ್ರೂ ಉಳಿದ್ರೆ ತಗೊಳ್ಳಿ. ಯಾರು ಬೇಡ ಅಂದ್ರು?" ಎನ್ನುತ್ತಿದ್ದಳು ಹೆಂಡತಿ. ಏನೂ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ದಿನ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಕೂಪನ್ ವಿದ್ಯೆಯನ್ನು ಉಪದೇಶಿಸಿದರು. ಪೇಪರಿನಲ್ಲಿ, ಬಾಗಿಲಿಗೆ ಸಿಕ್ಕಿಸಿ ಹೋಗುವ ಕರಪತ್ರದಲ್ಲಿ ಚುಕ್ಕಿಗೆರೆಯ ಚೌಕಗಳಿರುತ್ತವೆ. ಕತ್ತರಿಸಿ ಕೌಂಟರಿನಲ್ಲಿ ಕೊಟ್ಟರೆ ಬಿಲ್ಲು ಸರ್ರನೆ ಇಳಿಯುತ್ತದೆ. ನಮ್ಮ ಮೇಷ್ಟ್ರ ಕಣ್ಣ ಮುಂದೆ ಕುರ್ಚಿ ತೇಲಿ ಬಂತು.

"ಈ ತಿಂಗಳ ಸಾಮಾನು ನಾನೇ ತರ್ತೀನಿ," ಎಂದು ಮನೆಯಲ್ಲಿ ಘೋಷಿಸಿದರು. "ಉಳಿದದ್ದೆಲ್ಲ ನಂದು."

"ಉಳಿಸಿದವರದ್ದು ಅನ್ನಿ," ಎಂದಳು ಹೆಂಡತಿ.

"ಎರಡೂ ಒಂದೇ ಕಣೇ. ಆಗ್ಲಿ."

ಅಂದಿನಿಂದ ಮನೆಗೆ ಬಂದ ಪೇಪರು ಇಡಿಯಾಗಿ ಉಳಿಯಲಿಲ್ಲ. ಹೆಂಡತಿ ಸುದ್ದಿ ಓದಲು ಬಿಡಿಸಿದರೆ ಕೂಪನ್ ಕತ್ತರಿಸಿದ ಕಿಟಕಿಯ ಮೂಲಕ ಗಂಡನ ಮುಖ ಕಾಣಿಸುತ್ತಿತ್ತು. ಮೇಷ್ಟ್ರು ಸ್ಟೀಲಿನ ಸ್ಕೇಲು, ಹೊಸ ಬ್ಲೇಡು ಹಿಡಿದು ಕೂತರೆಂದರೆ ಊಟಕ್ಕೆ ಕರೆದರೂ ಕಿವಿಗೆ ಬೀಳುತ್ತಿರಲಿಲ್ಲ. ಬರಿಯ ಕತ್ತರಿಸುವ ಕೆಲಸವೇ ಅದು? ಕಲೆ. ಒಂದೊಂದು ಕೂಪನ್ನಿನ ಬುಡದಲ್ಲೂ ಕರಿ ಗೀಟುಗಳ ಒಂದು ಪಟ್ಟಿ ಇರುತ್ತಿತ್ತು. ಅಷ್ಟು ಚೆಂದದ ಚಿತ್ರದ ಕೆಳಗೆ ಆ ಬಾಚಣಿಗೆಯಂಥ ಗೀಟುಗಳನ್ನು ಕಂಡರೆ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಪಟ್ಟಿಯನ್ನು ನಾಜೂಕಾಗಿ ತೆಗೆದುಹಾಕಿ, ಚಿತ್ರಗಳನ್ನು ಮಾತ್ರ ಬಣ್ಣಕ್ಕೆ ಬಣ್ಣ ಹೊಂದಿಸಿ ಆಲ್ಬಮ್ಮಿಗೆ ಸೇರಿಸಿದರು. ಕರಪತ್ರವೊಂದರಲ್ಲಿ ಆ ಆರಾಮಕುರ್ಚಿಯದೇ ಕೂಪನ್ ಸಿಕ್ಕಿದಾಗಲಂತೂ ಅದಕ್ಕೆ ಮೊದಲ ಪುಟವೇ ಮೀಸಲಾಯಿತು.

"ಆ ಪಟ್ಟಿ ಯಾಕ್ರೀ ಕತ್ತರಿಸ್ತೀರಿ?"

"ಅದು ಪ್ರೆಸ್ಸಿನವರ ಗುರುತು. ನಿನಗೆ ಅರ್ಥ ಆಗಲ್ಲ ಬಿಡು."

"ಮತ್ತೆ ಈ ಬೆಕ್ಕಿನ ಬಿಸ್ಕತ್ತು? ನಮ್ಮನೇಲಿ ಬೆಕ್ಕೆಲ್ಲಿದೆ?"

"ಕಡಿಮೆ ಬೆಲೆಗೆ ಬಿಸ್ಕತ್ತು ಸಿಗುತ್ತೆ ಅಂದ್ರೆ ಬೆಕ್ಕು ತಾನಾಗೇ ಬರುತ್ತೆ."

ಹೆಂಡತಿ ನೆಲ ಗುಡಿಸಿಕೊಂಡು ಹೋದಳು.

ಶನಿವಾರ ಸಂಜೆ ಮೇಷ್ಟ್ರು ಆಲ್ಬಮ್ಮನ್ನು ಕಂಕುಳಲ್ಲಿಟ್ಟುಕೊಂಡು ಸೂಪರ್ ಮಾರ್ಕೆಟ್ಟಿಗೆ ದಂಡಯಾತ್ರೆ ಹೊರಟರು. ಕೂಪನ್ ಇರುವ ಕಾರಣಕ್ಕೇ ಬೇಕಾದದ್ದು, ಬೇಡವಾದದ್ದು ಎಲ್ಲವನ್ನೂ ತಳ್ಳುಗಾಡಿಗೆ ತುಂಬಿದರು. ಕೌಂಟರಿನ ಹುಡುಗಿ ಆಲ್ಬಮ್ಮಿನ ಪುಟಗಳನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಮಷೀನಿನ ಕೆಂಪು ಬೆಳಕು ಚಿತ್ರಗಳ ಮೇಲೆಲ್ಲ ಓಡಾಡಿ ಬರಿಗೈಯಲ್ಲಿ ವಾಪಸಾಯಿತು.

"ಸರ್, ಕೆಳಗಿನ ಗೀಟಿನ ಪಟ್ಟಿ ಎಲ್ಲಿ?"

"ಅದನ್ನ ತೆಗೆದುಬಿಟ್ಟೆ. ನೋಡೋಕೆ ಚೆನ್ನಾಗಿರ್ಲಿಲ್ಲ."

"ಮಷೀನು ಓದೋದು ಅದೊಂದನ್ನೇ, ಸರ್."

ಹಿಂದೆ ನಿಂತ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗಿಗೆ ಕನಿಕರ ಬಂತು. "ಪಟ್ಟಿ ಮನೇಲಿದ್ರೆ ಬಿಲ್ ಜೊತೆ ತಗೊಂಬನ್ನಿ, ದುಡ್ಡು ವಾಪಸ್ ಕೊಡ್ತೀವಿ. ಕಟಿಂಗ್ ಮಾತ್ರ ಬಹಳ ನೀಟಾಗಿದೆ, ಸರ್."

ಪಟ್ಟಿ ಎಲ್ಲಿಂದ ತರುವುದು? ಎಲ್ಲ ಕಸಕ್ಕೆ ಎಸೆದಾಗಿತ್ತು. ಸಾಮಾನು ಬಿಟ್ಟು ಬರಲು ಮಾನ ಅಡ್ಡ ಬಂತು. ಪೂರ್ತಿ ಬಿಲ್ಲು ತೆತ್ತು ಬೆಕ್ಕಿನ ಬಿಸ್ಕತ್ತು ಸಮೇತ ಮನೆ ಸೇರಿದ ಮೇಷ್ಟ್ರು ಹೆಂಡತಿಯ ಎದುರು ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ನಿಂತು ಎಲ್ಲವನ್ನೂ ಒಪ್ಪಿಸಿದರು. ಕುರ್ಚಿ ಕೈತಪ್ಪಿತಲ್ಲ ಎಂದು ನಿಜಕ್ಕೂ ಅಳು ಬರುವಂತಾಗಿತ್ತು.

ಅವಳು ಬೈಯಲಿಲ್ಲ. "ಬಿಲ್ಲು ಎಲ್ಲಿ?" ಎಂದು ಕೇಳಿ ಇಸಿದುಕೊಂಡಳು, ಅಷ್ಟೆ. ಹೆಂಡತಿ ಬೈಯದೇ ಇದ್ದಾಗ ಹೆದರಬೇಕೆಂಬ ಸಾಮಾನ್ಯ ಜ್ಞಾನ ಮೇಷ್ಟ್ರಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಸೋಮವಾರ ಶಾಲೆಯಿಂದ ಬಂದು ನೋಡಿದರೆ ನಡುಮನೆಯಲ್ಲಿ ಸಾಕ್ಷಾತ್ ಆರಾಮಕುರ್ಚಿ. ಅದರಲ್ಲಿ, ಕಾಲು ಮೇಲಿಟ್ಟುಕೊಂಡು, ಹೆಂಡತಿ.

"ನೀವು ಕತ್ತರಿಸಿ ಬಿಸಾಡಿದ್ದನ್ನೆಲ್ಲ ಡಬ್ಬೀಲಿ ಹಾಕಿಟ್ಟಿದ್ದೆ. ಗೀಟಿನ ಕೆಳಗೆ ಎಷ್ಟು ಕಡಿತ ಅಂತ ಸಣ್ಣಕ್ಷರದಲ್ಲಿ ಬರೆದಿತ್ತಲ್ಲ, ನೀವು ಓದಲಿಲ್ವಾ? ಪಟ್ಟಿ, ಬಿಲ್ಲು ತೋರಿಸ್ದೆ, ದುಡ್ಡು ಕೊಟ್ರು. ಬಿಸ್ಕತ್ತೂ ವಾಪಸ್ ತಗೊಂಡ್ರು. ಕುರ್ಚಿ ಪಟ್ಟಿಗೆ ಅರ್ಧ ಬೆಲೆ ಇತ್ತು. ಕಡಿಮೆ ಬಿದ್ದದ್ದು ನನ್ನ ಕೈಯಿಂದ."

ಮೇಷ್ಟ್ರಿಗೆ ಅವಳ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. "ನನಗೋಸ್ಕರ ಇಷ್ಟೆಲ್ಲ ಮಾಡಿದೆಯಾ?" ಎನ್ನುತ್ತ ಕುರ್ಚಿಯ ಹತ್ತಿರ ಸರಿದರು.

"ಉಳಿಸಿದವರದ್ದು ಅಂತ ಮಾತಾಗಿತ್ತಲ್ಲ," ಎಂದಳು ಅವಳು, ಜಾಗ ಬಿಡದೆ.

"ಹಾಗಾದ್ರೆ ನಾನು ಯಾವಾಗ ಕೂರೋದು?"

"ನಾನು ಸಾಮಾನು ತರೋಕೆ ಹೋದಾಗ ಧಾರಾಳವಾಗಿ ಕೂತ್ಕೊಳ್ಳಿ."

ಮೇಷ್ಟ್ರ ಮುಖ ಅರಳಿತು. ಎಷ್ಟೆಂದರೂ ಹೆಂಡತಿ ವಾರಕ್ಕೊಮ್ಮೆಯಾದರೂ ಚಿಲ್ಲರೆ ಸಾಮಾನಿಗೆ ಅಂಗಡಿಗೆ ಹೋಗುವವಳು. ಹೋದರೆ ಅರ್ಧ ದಿನ.

"ಆದ್ರೆ ಸಾಮಾನು ತರೋ ಕೆಲಸ ಈಗ ನಿಮ್ಮದಲ್ವಾ?" ಅವಳು ಚೀಲವನ್ನೂ ಒಂದು ಚೀಟಿಯನ್ನೂ ಚಾಚಿದಳು. "ಸಕ್ಕರೆ ಮರೆತು ಬಂದಿದೀರಿ. ಈ ಕೂಪನ್ ತಗೊಳ್ಳಿ, ನಾನೇ ಕತ್ತರಿಸಿದೀನಿ. ದಾರೀಲಿ ಇದನ್ನ ಚೆಂದ ಮಾಡೋಕೆ ಹೋಗ್ಬೇಡಿ."