ಅತ್ತೆಯ ಪದಕ್ಕೆ ನನ್ನ ಕ್ಲಿಕ್ಕು

ಎರಡು ಹೊಲಗಳ ನಡುವಿನ ಬದುವನ್ನು ಬೆರಳಷ್ಟೂ ತಪ್ಪದಂತೆ ಅಳೆದು ನೆಟ್ಟಗೆ ಮಾಡುವವನಿಗೆ ಎರಡು ದನಿಗಳನ್ನು ನೆಟ್ಟಗೆ ಮಾಡುವುದು ಯಾವ ಮಹಾ ಕೆಲಸ! ಹೀಗೆಂದು ನಾನು ನವಲಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ, ಹೆಂಡತಿ ಅರುಣಾ ಮತ್ತು ಅತ್ತೆ ಹನಮವ್ವನವರ ಎದುರಿಗೆ ಎದೆ ತಟ್ಟಿಕೊಂಡು ಸಾರಿದೆ. ನಾನು ಭೂಮಾಪಕ. ಹದಿನೆಂಟು ವರ್ಷ ಸರಪಳಿ ಎಳೆದವನು. ಅಳತೆಗೆ ಸಿಗದ ವಸ್ತು ಈ ಭೂಮಿಯ ಮೇಲೆ ಇಲ್ಲ ಎಂದು ಆಗ ನಂಬಿದ್ದೆ.

ವಿಷಯ ಇಷ್ಟೆ. ಅರುಣಾಳ ಅಕ್ಕನ ಮಗಳು ಶಿವಾನಿಯ ಮದುವೆ ಯರಗುಪ್ಪಿಯಲ್ಲಿ ಗೊತ್ತಾಗಿತ್ತು. ಅವರಲ್ಲಿ ಅರಿಷಿಣದ ದಿನ ಬೀಸುವ ಕಲ್ಲಿಗೆ ಪೂಜೆ ಮಾಡುತ್ತಾರೆ. ಆಗ ಹನಮವ್ವನವರು ಕಲ್ಲು ತಿರುಗಿಸುತ್ತ ಒಂದು ಪದ ಹಾಡಬೇಕು. ಅರುಣಾ ಸೇರಿ ನಾಲ್ಕು ಹೆಣ್ಣುಮಕ್ಕಳನ್ನೂ ಆ ಪದ ಹಾಡಿಯೇ ಅವರು ಗಂಡನ ಮನೆಗೆ ಕಳಿಸಿದ್ದರು. ಅಜ್ಜಿಯನ್ನು ಆಯಿ ಎಂದು ಕರೆಯುವ ಶಿವಾನಿಯಂತೂ ಫೋನಿನಲ್ಲಿ ಹಟ ಹಿಡಿದಿದ್ದಳು. "ಆಯಿ ಪದಾ ಇಲ್ಲಂದ್ರ ನಾ ಅರಿಷಿಣಕ್ಕ ಕೂಡಂಗಿಲ್ಲ ನೋಡ್ರಿ!"

ಆದರೆ ಶಲವಡಿಯಿಂದ ನಮ್ಮ ಮನೆಗೆ ಬಲರಟ್ಟೆ ನೋವಿನ ಚಿಕಿತ್ಸೆಗೆ ಬಂದಿದ್ದ ಅತ್ತೆಗೆ, ಮೂರು ತಿಂಗಳು ಕಲ್ಲು ಮುಟ್ಟಬಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕಲ್ಲಿಲ್ಲದೆ ಪದ ಬರುವುದಿಲ್ಲ ಎಂದು ಅತ್ತೆ. ಪದವಿಲ್ಲದೆ ಅರಿಷಿಣವಿಲ್ಲ ಎಂದು ಮೊಮ್ಮಗಳು. ಇಬ್ಬರ ನಡುವೆ ಸಿಕ್ಕು ಅರುಣಾಳ ಮುಖ ಸಣ್ಣದಾಗಿತ್ತು.

"ಚಿಂತಿ ಬಿಡು. ರೆಕಾರ್ಡ್ ಮಾಡಿ ಪೆಂಡಾಲಿನ್ಯಾಗ ಹಚ್ಚೂಣು. ನಿಮ್ಮವ್ವಂದೊಂದು ದನಿ, ನಿಂದೊಂದು ದನಿ, ಎರಡೂ ಬ್ಯಾರೆ ಬ್ಯಾರೆ!" ಎಂದೆ.

"ಮೊಬೈಲ್‌ನ್ಯಾಗ ಹಿಡದ್ರ ಆಗಂಗಿಲ್ಲೇನ್ರಿ?" ಎಂದಳು ಅರುಣಾ.

"ಮೊಬೈಲ್! ಅದು ಫೋನ್ ಮಾಡಾಕ!" ಎಂದು ನಕ್ಕೆ. ಆ ನಗೆಯನ್ನು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅಣ್ಣಿಗೇರಿಯಲ್ಲಿ ಧ್ವನಿವರ್ಧಕದ ಅಂಗಡಿ ಇಟ್ಟಿರುವ ಗೆಳೆಯ ಅಕ್ಬರಸಾಬನಿಂದ ಎಂಟು ಟ್ರ್ಯಾಕಿನ ಡಿಜಿಟಲ್ ರೆಕಾರ್ಡರ್ ತಂದೆ. ಒಂದೊಂದು ಟ್ರ್ಯಾಕಿಗೂ ಒಂದೊಂದು ಕೆಂಪು ಗುಂಡಿ. ಒತ್ತಿದರೆ ದೀಪ ಹತ್ತಿ, ಆ ಟ್ರ್ಯಾಕಿನಲ್ಲಿ ದನಿ ತುಂಬಿಕೊಳ್ಳುತ್ತದೆ. ಮೊದಲನೆಯದರಲ್ಲಿ ಕ್ಲಿಕ್ ಟ್ರ್ಯಾಕ್ ಹಾಕಿರಿ ಎಂದ ಅಕ್ಬರಸಾಬ. ಕ್ಲಿಕ್ ಎಂದರೆ ಗಡಿಯಾರದಂತೆ ಒಂದೇ ಸಮನೆ ಬಡಿಯುವ ಸದ್ದು, ಅಷ್ಟೆ. ಹಾಡುವವರು ಅದನ್ನು ಕಿವಿಯಲ್ಲಿ ಕೇಳುತ್ತ ಒಬ್ಬರಾದ ಮೇಲೊಬ್ಬರು ಹಾಡಿದರೂ ಕೊನೆಗೆ ಎಲ್ಲ ದನಿ ಕೂಡಿಕೊಳ್ಳುತ್ತದೆ. ಆಹಾ! ದನಿಗೂ ಒಂದು ಸರಪಳಿ! ಈ ಯಂತ್ರವನ್ನು ನನಗಾಗಿಯೇ ಮಾಡಿದ್ದಾರೆ ಎನ್ನಿಸಿತು.

ನಿಮಿಷಕ್ಕೆ ಅರವತ್ತು ಬಡಿತದ ಕ್ಲಿಕ್ ತುಂಬಿಸಿದೆ. ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ ಸೆರಗಿನ ಮೇಲೆ ಹೆಡ್‌ಫೋನ್ ಏರಿಸಿದೆ.

"ಅಳಿಯಂದ್ರ, ಒಳಗ ಯಾರೋ ಬಾಗಿಲಾ ಬಡ್ಯಾಕ್ಹತ್ಯಾರಲ್ರಿ!"

"ಬಾಗಿಲಲ್ರಿ ಅತ್ತಿ, ಅದು ತಾಳ. ಅದರ ಕೂಡ ಹಾಡ್ರಿ."

"ಬಡಿಯೂದ ನಿಲ್ಲಸ್ರಿ, ಆಮ್ಯಾಲ ಹಾಡ್ತೀನಿ."

ಅರ್ಧ ತಾಸು ಒಪ್ಪಿಸಿದ ಮೇಲೆ ಹಾಡಿದರು.

"ಅರಿಷಿಣ ಉದುರ್ಯಾದ ಕಲ್ಲಿನ ಬಾಯಾಗ
ಎರಿಹೊಲದ ದಾರಿ ಹಿಡದಾಳ ನನ ಮಗಳು
ತಿರುಗಿ ನೋಡಂತ ಹೇಳ ನೀ ಬೀಸುಕಲ್ಲ"

ಸರ್ವೇದವನ ಕಣ್ಣು ಮಾತ್ರ ಯಂತ್ರದ ಮೇಲೇ ಇತ್ತು. ಮೂರು ಸಾಲಿನ ಮೊದಲ ನುಡಿ ಕ್ಲಿಕ್ಕಿಗೆ ಸರಿಯಾಗಿ ಹೊಂದಿತ್ತು. ಎರಡನೆಯ ನುಡಿ ಹಿಂದೆ ಬಿತ್ತು. ಮೂರನೆಯದು ಇನ್ನೂ ಹಿಂದೆ! ಇರಲಿ ಎಂದು ಎರಡನೆಯದನ್ನು ಕತ್ತರಿಸಿ ಮುಂದೆ ಸರಿಸಿದೆ. ಆಗ ಅದರ ತಲೆ ಮೊದಲನೆಯದರ ಬಾಲದ ಮೇಲೆ ಕೂತು, ಅತ್ತೆ ಒಂದೇ ಬಾಯಲ್ಲಿ ಎರಡು ನುಡಿ ಹಾಡತೊಡಗಿದರು! ಕ್ಲಿಕ್ ನಿಧಾನ ಮಾಡಿದೆ, ಅವರೂ ನಿಧಾನವಾದರು. ಜೋರು ಮಾಡಿದೆ, "ನಾಯಿ ಬೆನ್ನ ಹತ್ತೇತೇನು?" ಎಂದು ಹೆಡ್‌ಫೋನ್ ತೆಗೆದಿಟ್ಟರು.

ಮೂರು ದಿನ ಇದೇ ಆಯಿತು. ಆಫೀಸಿನಿಂದ ಬಂದವನೇ ಯಂತ್ರದ ಮುಂದೆ ಕೂರುತ್ತಿದ್ದೆ. ಚಹಾ ಆರುತ್ತಿತ್ತು, ಅರುಣಾ ಕಾಯುತ್ತಿದ್ದಳು. ನನಗೆ ಮಾತ್ರ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿತ್ತು. ಏಕೆಂದರೆ ಅಳೆದು ನೋಡಿದರೆ ತಪ್ಪು ಎಲ್ಲೆಂದರಲ್ಲಿ ಇರಲಿಲ್ಲ. ಪ್ರತಿ ಮೂರನೆಯ ಸಾಲಿನ ಕೊನೆಗೆ, ಪ್ರತಿ ಸಲವೂ ಒಂದೂಮುಕ್ಕಾಲು ಸೆಕೆಂಡು! ಇಷ್ಟು ಕರಾರುವಾಕ್ಕಾಗಿ ತಪ್ಪುವವರನ್ನು ನಾನು ಜೀವಮಾನದಲ್ಲೇ ಕಂಡಿರಲಿಲ್ಲ. ಯಂತ್ರವೇ ಕೆಟ್ಟಿರಬೇಕೆಂದು ಅಕ್ಬರಸಾಬನಿಗೆ ಫೋನ್ ಮಾಡಿದೆ.

"ಪ್ರತಾಪ ಸಾಹೇಬ್ರ, ಕ್ಲಿಕ್ ತಪ್ಪಂಗಿಲ್ರಿ. ಹಾಡೋರು ತಪ್ಪತಾರ."

"ನಮ್ಮ ಅತ್ತೀನೂ ತಪ್ಪಂಗಿಲ್ಲೋ ಮಾರಾಯಾ!"

"ಹಂಗಾರ ನೀವ ತಪ್ಪಿರಬೇಕ್ರಿ" ಎಂದು ಅವನು ಫೋನ್ ಇಟ್ಟ.

ನಾಲ್ಕನೆಯ ದಿನ ಯಂತ್ರವನ್ನು ಬಿಟ್ಟು ಅತ್ತೆಯನ್ನೇ ನೋಡುತ್ತ ಕೂತೆ. ಅವರು ಹಾಡುತ್ತಿದ್ದರು. ಮೂರನೆಯ ಸಾಲು ಮುಗಿಯಿತು. ಅವರ ಎಡಗೈ ಮೆಲ್ಲಗೆ ಪಕ್ಕಕ್ಕೆ ಹೋಗಿ, ಇಲ್ಲದ ಮೊರದಿಂದ ಏನನ್ನೋ ಹಿಡಿದು, ಮುಂದೆ ತಂದು ಬಿಟ್ಟಿತು. ಆಮೇಲೆಯೇ ನಾಲ್ಕನೆಯ ಸಾಲು ಹೊರಟಿತು.

"ಅತ್ತಿ, ಈಗೇನ ಮಾಡಿದ್ರಿ?"

"ಏನಿಲ್ರಿ. ಕಾಳ ಹಾಕಿದೆ."

"ಎಲ್ಲಿ ಐತ್ರಿ ಕಾಳು?"

ಅತ್ತೆ ತಮ್ಮ ಖಾಲಿ ಕೈ ನೋಡಿಕೊಂಡು ತಾವೇ ನಕ್ಕುಬಿಟ್ಟರು. "ಅಯ್ಯ ನನ ಶಿವನ! ಕಾಳ ಹಾಕಲಾರದ ಪದಾ ಹೆಂಗ ಮುಂದ ಹೋಗ್ತೈತಿ?"

ಒಂದು ಹಿಡಿ ಕಾಳು ಕಲ್ಲಿನ ಬಾಯಿಗೆ ಬೀಳುವ ಹೊತ್ತು, ಒಂದೂಮುಕ್ಕಾಲು ಸೆಕೆಂಡು! ಐವತ್ತು ವರ್ಷದ ಹಿಡಿ! ನಾನು ಕುಣಿದಾಡಿದೆ. ಕಾರಣ ಸಿಕ್ಕಿತೆಂದರೆ ಉಪಾಯ ಎಷ್ಟು ಹೊತ್ತಿನದು? ಯಂತ್ರದ ಕ್ಲಿಕ್ ಬೇಡ, ನಿಜವಾದ ಬೀಸುಕಲ್ಲಿನ ಸದ್ದೇ ಕ್ಲಿಕ್ ಟ್ರ್ಯಾಕ್ ಆಗಲಿ! ಮೂಲೆಯಲ್ಲಿ ಹಬ್ಬದ ಪೂಜೆಗಷ್ಟೇ ಇಟ್ಟಿದ್ದ ನಮ್ಮ ಕಲ್ಲನ್ನು ಎಳೆದು ತಂದೆ. ಜೋಳ ತರಿಸಿದೆ. ಮೂರು ಮೈಕು ನಿಲ್ಲಿಸಿ ಎರಡು, ಮೂರು, ನಾಲ್ಕನೆಯ ಟ್ರ್ಯಾಕಿಗೆ ಜೋಡಿಸಿದೆ.

"ತಿರಗಸವ್ರು ಯಾರ್ರಿ?" ಎಂದಳು ಅರುಣಾ. "ಅವ್ವ ಮುಟ್ಟೂಹಂಗಿಲ್ಲ. ನಾ ತಿರಗಿಸಿದ್ರ ಉಸರ ಹತ್ತಿ ಹಾಡಾಕ ಆಗಂಗಿಲ್ಲ."

ತಾಯಿ ಮಗಳು ಇಬ್ಬರೂ ನನ್ನ ಕಡೆ ನೋಡಿದರು. ಮನೆಯಲ್ಲಿ ನಾಲ್ಕನೆಯವರು ಇರಲಿಲ್ಲ.

ಗುಂಡಿ ಒತ್ತಿ ಕಲ್ಲಿನ ಮುಂದೆ ಕಾಲು ಚಾಚಿ ಕೂತೆ. ಅತ್ತೆ ಎಡಗೈಯಲ್ಲಿ ಕಾಳು ಹಾಕಬೇಕು, ನಾನು ಗೂಟ ಹಿಡಿದು ತಿರುಗಿಸಬೇಕು. ಹತ್ತು ಸುತ್ತಿಗೆ ಬೆವರು ಬಂತು, ಇಪ್ಪತ್ತಕ್ಕೆ ಬೆನ್ನು ಹಿಡಿಯಿತು. ಬೇಗ ಮುಗಿಯಲೆಂದು ಜೋರಾಗಿ ತಿರುಗಿಸಿದರೆ ಅತ್ತೆ ಹಾಡು ನಿಲ್ಲಿಸಿ ಗದರಿದರು.

"ಕಾಳ ಬೀಳೂತನಾ ತಡೀರಿ ಅಳಿಯಂದ್ರ! ಯಾವ ಬಸ್ ಹಿಡ್ಯಾಕ ಓಡಾಕ್ಹತ್ತೀರಿ?"

ಆದರೂ ಪದ ಬಂತು ನೋಡಿ! ಕುರ್ಚಿಯ ಮೇಲೆ ಕೂತಾಗ ಬಾರದ ದನಿ, ಕಲ್ಲಿನ ಗರಗರ ಕೇಳಿದ್ದೇ ತಡ, ತಾನಾಗಿ ಎದ್ದು ಬಂತು. ಅರುಣಾ ದನಿ ಕೂಡಿಸಿದಳು. ನಲವತ್ತು ನಿಮಿಷ ತಾಯಿ ಮಗಳು ಹಾಡಿದರು. ಕೊನೆಯ ನುಡಿಗೆ ಇಬ್ಬರ ಕಣ್ಣಲ್ಲೂ ನೀರು. ನನ್ನ ಕಣ್ಣಲ್ಲೂ ಇತ್ತು, ಅರ್ಧ ಪದಕ್ಕೆ, ಅರ್ಧ ಬೆನ್ನಿಗೆ.

ವಿಜಯೋತ್ಸಾಹದಿಂದ ಹಚ್ಚಿ ಕೇಳಿದೆ. ಟಕ್. ಟಕ್. ಟಕ್. ಟಕ್.

ಎರಡನೆಯ, ಮೂರನೆಯ, ನಾಲ್ಕನೆಯ ಟ್ರ್ಯಾಕಿನ ಕೆಂಪು ಗುಂಡಿ ಒತ್ತುವುದನ್ನೇ ಮರೆತಿದ್ದೆ! ಒತ್ತಿದ್ದು ಮೊದಲನೆಯದನ್ನು ಮಾತ್ರ. ಯಂತ್ರದ ಕ್ಲಿಕ್ಕನ್ನು ನಿಲ್ಲಿಸುವುದನ್ನೂ ಮರೆತಿದ್ದೆ. ನಲವತ್ತು ನಿಮಿಷದ ಶುದ್ಧವಾದ ಟಕ್ ಟಕ್, ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಅರಿಷಿಣಕ್ಕೆ ಇನ್ನು ಎರಡೇ ದಿನ. ಅತ್ತೆಯ ದನಿ ಆಗಲೇ ಕಟ್ಟಿತ್ತು. ತಪ್ಪು ನನ್ನದೆಂದು ಇಬ್ಬರ ಮುಂದೆಯೂ ಒಪ್ಪಿಕೊಂಡೆ.

ಅತ್ತೆ ಹಿಟ್ಟಿನ ಕಡೆ ನೋಡಿದರು. "ಇರ್ಲಿ ಬಿಡ್ರಿ. ನಾಕ ರೊಟ್ಟಿ ಹಿಟ್ಟರ ಆತಲ್ಲ."

ಅರುಣಾ ಎದ್ದು, ಕಿಟಕಿಯಲ್ಲಿಟ್ಟಿದ್ದ ಮೊಬೈಲ್ ತಂದು ನನ್ನ ಮುಂದೆ ಹಿಡಿದಳು. ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಅದರಲ್ಲಿತ್ತು!

"ಫೋನ್ ಮಾಡಾಕ ಅಷ್ಟ ಇಟ್ಟಿದ್ದೆ ನೋಡ್ರಿ" ಎಂದಳು.

ಯರಗುಪ್ಪಿಯ ಪೆಂಡಾಲಿನಲ್ಲಿ ಅದನ್ನೇ ಹಚ್ಚಿದರು. ಅತ್ತೆ ಮೊಮ್ಮಗಳ ಕೈ ಹಿಡಿದು ಕೂತು ತಮ್ಮದೇ ಪದ ಕೇಳಿದರು. ಶಿವಾನಿ ಅಳುತ್ತಿದ್ದಳು. ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದರು. ಸರಿಯಾಗಿ ಆಗಲೇ ಎರಡು ಆಳೆತ್ತರದ ಸ್ಪೀಕರಿನಿಂದ, "ಯಾವ ಬಸ್ ಹಿಡ್ಯಾಕ ಓಡಾಕ್ಹತ್ತೀರಿ?" ಪೆಂಡಾಲೇ ಹಾರುವಂತೆ ನಗೆ ಎದ್ದಿತು. ಬೀಗರು ತಿರುತಿರುಗಿ ನನ್ನನ್ನು ನೋಡಿದರು. ಅಷ್ಟು ಮಾತನ್ನು ಕತ್ತರಿಸಿಬಿಡುತ್ತೇನೆ ಎಂದು ಶಿವಾನಿಯನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ.

"ಬ್ಯಾಡ್ರಿ ಕಾಕಾ! ಆಯಿ ಬೈಯೂದನ್ನ ಕೇಳಿದ್ರ ಮನ್ಯಾಗ ಕುಂತಂಗ ಆಗ್ತೈತಿ" ಎಂದು ಅವಳು ಆ ಪದವನ್ನು ಹಾಗೇ ಗಂಡನ ಮನೆಗೆ ಒಯ್ದಳು.

ಯಂತ್ರ ಅಣ್ಣಿಗೇರಿಗೆ ಮರಳಿತು, ಅತ್ತೆ ತಮ್ಮೂರಿಗೆ ಮರಳಿದರು. ಮರುವಾರ ಶಲವಡಿಯಿಂದ ಒಂದು ಚೀಲ ಬಂತು, ಹಿಂದೆಯೇ ಅತ್ತೆಯ ಫೋನ್.

"ಅಳಿಯಂದ್ರ, ಯುಗಾದಿ ಆದ ಮ್ಯಾಲ ಸಣ್ಣ ಮೊಮ್ಮಗಳ ಮದುವಿ ಐತಿ. ಜೋಳಾ ಕಳಿಸೇನಿ. ದಿನಾ ಒಂದ ಸೇರು ಬೀಸ್ರಿ, ಕೈ ತಾಳಕ್ಕ ಕೂಡ್ತೈತಿ."

ಹೀಗೆ ಎರಡು ತಾಲೂಕು ಅಳೆದ ನಾನು ಈಗ ದಿನಾ ಬೆಳಿಗ್ಗೆ ಕಲ್ಲಿನ ಮುಂದೆ ಕೂತು ಕ್ಲಿಕ್ ಟ್ರ್ಯಾಕ್ ಕಲಿಯುತ್ತಿದ್ದೇನೆ. ಇಂದು ಮೊದಲ ಸಲ ಇಪ್ಪತ್ತು ಸುತ್ತು ಒಂದೇ ಸಮನೆ ಬಂದವು. ಹೆಮ್ಮೆಯಿಂದ ಕೂಗಿದೆ, "ಅರುಣಾ, ಕೇಳಿದೇನು ತಾಳಾ?"

ಅಡುಗೆಮನೆಯಿಂದ ಬಂದ ಅರುಣಾ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ತಾಳ ಚಲೋ ಐತ್ರಿ. ಹಿಟ್ಟ ದಪ್ಪಾಗೇತಿ. ಇನ್ನೊಂದ ಸಲ ಬೀಸ್ರಿ."