ಸರ್ಕಾರ ಬಿದ್ದರೆ ಹೊಲಿಗೆ ಬಿಚ್ಚು

ಪ್ರಪಂಚದ ಯಾವುದೋ ಮೂಲೆಯಲ್ಲಿ ಒಂದು ಸರ್ಕಾರ ಬಿದ್ದರೆ ಅದರ ಸದ್ದು ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿಗೆ ತಪ್ಪದೆ ಕೇಳಿಸುತ್ತೆ. ನಾವು ಮಾಡೋದು ಬಾವುಟ ಮತ್ತು ಬ್ಯಾಡ್ಜು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ವಿದೇಶದವರು ಮೀಟಿಂಗಿಗೆ ಬಂದಾಗ ಮೇಜಿನ ಮೇಲೆ ಪುಟ್ಟ ಪುಟ್ಟ ಬಾವುಟ ಇಡ್ತಾರಲ್ಲ, ಅಂಥವು ಹುಟ್ಟೋದು ನಮ್ಮಂಥ ಶೆಡ್ಡುಗಳಲ್ಲೇ. ಅಧಿಕಾರಕ್ಕೆ ಬಂದೋರು ರಸ್ತೆ ಸರಿ ಮಾಡ್ತಾರೋ ಇಲ್ವೋ ನನಗೆ ಗೊತ್ತಿಲ್ಲ, ಆದ್ರೆ ಕೆಲವು ದೇಶಗಳಲ್ಲಿ ಮೊದಲು ಬಾವುಟ ಬದಲಾಯಿಸ್ತಾರೆ. ಅದಕ್ಕೇ ನಮ್ಮ ಓನರ್ ಪೇಪರ್ ಬಂದ ತಕ್ಷಣ ವಿದೇಶದ ಸುದ್ದಿಯ ಪುಟ ತೆಗೀತಾರೆ. ನಾನು ಅಲ್ಲಿ ಸೇರಿ ಹದಿನೈದು ವರ್ಷದ ಮೇಲಾಯ್ತು. ಚೆಕಿಂಗ್ ಟೇಬಲ್ಲಿಂದ ಶುರು ಮಾಡಿದೋಳು ಈಗ ಹೊಲಿಗೆ ವಿಭಾಗದ ಸೂಪರ್‌ವೈಸರ್.

ಖಾಲಿ ಬಾವುಟ

ನಾನು ಕೆಲಸಕ್ಕೆ ಸೇರಿದ ಮೊದಲ ವಾರ. ಬಣ್ಣ ಚೆಲ್ಲಿದ್ದು, ಹೊಲಿಗೆ ಸೊಟ್ಟಗಿದ್ದು ಎಲ್ಲ ಆರಿಸಿ ಪಕ್ಕಕ್ಕೆ ಹಾಕೋದು ನನ್ನ ಕೆಲಸ. ಒಂದು ದಿನ ಒಂದು ಕಟ್ಟು ಬಂತು. ಬಿಚ್ಚಿ ನೋಡಿದ್ರೆ ಬರೀ ಹಸಿರು ಬಟ್ಟೆ. ಒಂದು ಗೆರೆ ಇಲ್ಲ, ಒಂದು ಚುಕ್ಕಿ ಇಲ್ಲ. ತಿರುಗಿಸಿ ನೋಡ್ದೆ, ಆ ಕಡೆನೂ ಹಸಿರು. ಇವರೆಲ್ಲ ನಿದ್ದೆ ಮಾಡ್ಕೊಂಡು ಕಳಿಸಿದ್ದಾರೆ ಅಂದ್ಕೊಂಡು ಇಡೀ ಕಟ್ಟಿನ ಮೇಲೆ ‘ಪ್ರಿಂಟ್ ಆಗಿಲ್ಲ’ ಅಂತ ಚೀಟಿ ಅಂಟಿಸಿ ವಾಪಸ್ ಕಳಿಸ್ಬಿಟ್ಟೆ. ಪ್ರಿಂಟಿಂಗ್‌ನವರು ನನ್ನನ್ನು ನೋಡೋಕೆ ಅಂತಲೇ ಕೆಲಸ ನಿಲ್ಲಿಸಿ ಬಂದ್ರು.

ಓನರ್ ಕರೆದು ಸಮಾಧಾನವಾಗಿ ಹೇಳಿದ್ರು. "ಅದು ಲಿಬಿಯಾ ದೇಶದ್ದಮ್ಮ. ಅವರ ಬಾವುಟ ಇರೋದೇ ಹಾಗೆ."

"ಇಷ್ಟೇನಾ ಸಾರ್?" ಅಂದೆ.

"ಇಷ್ಟೇ."

ಅದನ್ನ ಹೊಲಿದಿದ್ದು ಲಗ್ಗೆರೆಯಿಂದ ಬರೋ ನಮ್ಮ ಟೈಲರಕ್ಕ. ಶೆಡ್ಡಿಗೇ ಹಿರಿಯಳು. ಮುಂದೆ ಸ್ವಲ್ಪ ದಿನಕ್ಕೆ ಆ ದೇಶದಲ್ಲಿ ಗಲಾಟೆ ಆಯ್ತು, ಆಳ್ತಿದ್ದೋನು ಹೋದ. ಹೊಸ ಬಾವುಟದ ಚಿತ್ರ ಬಂತು: ಕೆಂಪು, ಕಪ್ಪು, ಹಸಿರು ಮೂರು ಪಟ್ಟಿ, ಮಧ್ಯೆ ಅರ್ಧಚಂದ್ರ, ಪಕ್ಕದಲ್ಲಿ ನಕ್ಷತ್ರ. ನಕ್ಷತ್ರದ ಮೂಲೆ ಮೂಲೆಗೂ ಬಟ್ಟೆ ಮಡಚಿ ಹೊಲೀಬೇಕು. ಅಕ್ಕ ಮೂರು ದಿನ ತಲೆ ಎತ್ತದೆ ಹೊಲಿದಳು. ನಾಲ್ಕನೇ ದಿನ ಊಟಕ್ಕೆ ಕೂತಾಗ ಬೆರಳು ನೀವಿಕೊಳ್ತಾ ಹೇಳಿದಳು.

"ಜನ ಆ ಹಸಿರು ಬಾವುಟದೋನನ್ನ ಏನಾದ್ರೂ ಅನ್ಲಿ ಕಣಮ್ಮ. ಹೊಲಿಯೋರ ಕಷ್ಟ ಗೊತ್ತಿದ್ದೋನು ಅವನೊಬ್ಬನೇ."

ಬುಧವಾರದೊಳಗೆ

ಎಲೆಕ್ಟ್ರಾನಿಕ್ ಸಿಟಿಯ ಒಂದು ಹೋಟೆಲಿನಲ್ಲಿ ದೊಡ್ಡ ಸಮ್ಮೇಳನ. ಸುಮಾರು ದೇಶದವರು ಬರ್ತಾರೆ ಅಂತ ಅದರ ಉಸ್ತುವಾರಿ ಹೊತ್ತಿದ್ದ ಹುಡುಗ ನಮ್ಮ ಹತ್ರ ಮೇಜಿನ ಬಾವುಟ ಮಾಡಿಸಿದ್ದ. ಸಮ್ಮೇಳನ ಬುಧವಾರ. ಶುಕ್ರವಾರವೇ ಎಲ್ಲ ತಲುಪಿಸಿ ನಾವು ನೆಮ್ಮದಿಯಾಗಿದ್ವಿ. ಭಾನುವಾರ ಸಿರಿಯಾದಲ್ಲಿ ಸರ್ಕಾರ ಬಿತ್ತು. ಸೋಮವಾರ ಬೆಳಿಗ್ಗೆ ಅವನ ಫೋನು.

"ಮೇಡಂ, ಟಿವಿಯಲ್ಲಿ ಜನ ಬೇರೆ ಬಾವುಟ ಹಿಡ್ಕೊಂಡು ಓಡಾಡ್ತಿದ್ದಾರೆ. ನೀವು ಕೊಟ್ಟಿದ್ದು ಆ ಥರ ಇಲ್ಲ."

"ನಾವು ಕೊಟ್ಟಾಗ ಸರ್ಕಾರ ಇತ್ತು ಸಾರ್," ಅಂದೆ.

"ಇದ್ರಲ್ಲಿ ಎರಡು ನಕ್ಷತ್ರ ಇದೆ, ಅದ್ರಲ್ಲಿ ಮೂರು. ಇನ್ನೊಂದು ಹಾಕಿ ಅಡ್ಜಸ್ಟ್ ಮಾಡ್ಕೊಡಿ."

"ಆಗಲ್ಲ ಸಾರ್. ಹಸಿರು ನಕ್ಷತ್ರ ಕೆಂಪಾಗ್ಬೇಕು, ಮೇಲಿನ ಕೆಂಪು ಪಟ್ಟಿ ಹಸಿರಾಗ್ಬೇಕು."

ಆ ಕಡೆಯಿಂದ ಬಟ್ಟೆ ಸರಪರ ಅನ್ನೋ ಸದ್ದು ಬಂತು. ಅವನು ಬಾವುಟ ಕೈಯಲ್ಲಿ ಹಿಡಿದು ತಿರುಗಿಸಿ ನೋಡ್ತಿದ್ದಾನೆ ಅಂತ ನನಗೆ ಗೊತ್ತಾಯ್ತು. "ಉಲ್ಟಾ ಇಟ್ಟರೆ?" ಅಂದ.

ಉಲ್ಟಾ ಇಟ್ಟರೂ ಆಗಲ್ಲ ಅಂತ ವಿವರಿಸಿ, ಎರಡೂ ಥರದ್ದು ಕಳಿಸ್ತೀವಿ, ಬರೋ ಅತಿಥಿಯನ್ನೇ ಕೇಳಿ ಇಡಿ ಅಂತ ಹೇಳ್ದೆ. ಅವನಿಗೆ ಜೀವ ಬಂತು. ಫೋನ್ ಇಡೋ ಮುಂಚೆ ದನಿ ತಗ್ಗಿಸಿ ಕೇಳ್ದ.

"ಮೇಡಂ, ನೀವು ಈ ಲೈನಲ್ಲೇ ಇದ್ದೀರ. ಬುಧವಾರದೊಳಗೆ ಬೀಳೋದು ಇನ್ಯಾವ್ದಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ."

ಒಳಗೆ ಬಟ್ಟೆ ಬಿಡಿ

ಒಂದು ಮಧ್ಯಾಹ್ನ ಒಬ್ಬ ವಿದ್ಯಾರ್ಥಿ ಮೆಟ್ರೋ ಇಳಿದು ವಿಳಾಸ ಕೇಳ್ಕೊಂಡು ಶೆಡ್ಡಿಗೇ ಬಂದ. ಅಫ್ಘಾನಿಸ್ತಾನದವನು, ವೈಟ್‌ಫೀಲ್ಡ್ ಕಡೆ ಯಾವುದೋ ಕಾಲೇಜಲ್ಲಿ ಓದ್ತಿದ್ದ. ಪಿ.ಜಿ.ಯಲ್ಲಿ ಅಡುಗೆ ಮಾಡೋರ ಹತ್ರ ಕಲಿತ ಕನ್ನಡ. ಕಾಲೇಜಲ್ಲಿ ಹೊರದೇಶದ ವಿದ್ಯಾರ್ಥಿಗಳ ಕಾರ್ಯಕ್ರಮ ಇದೆ, ಅವನ ದೇಶದ ಬಾವುಟ ಬೇಕು.

ಅಲ್ಲಿ ಸರ್ಕಾರ ಬದಲಾಗಿದ್ದು ನಮಗೂ ಗೊತ್ತಿತ್ತು. ಯಾವುದನ್ನ ತೋರಿಸಿದ್ರೆ ನೊಂದುಕೊಳ್ತಾನೋ ಅಂತ ಭಯ. ಓನರ್ ಕ್ಯಾಟಲಾಗಿನಲ್ಲಿ ಎರಡೂ ಚಿತ್ರ ತೆಗೆದು ಅವನ ಮುಂದೆ ಇಟ್ಟರು. ಕಪ್ಪು ಕೆಂಪು ಹಸಿರಿನ ಹಳೇದು, ಬಿಳಿಯ ಹೊಸದು. ಅವನು ಹಳೇದರ ಮೇಲೆ ಬೆರಳಿಟ್ಟ.

"ನಾನು ಶಾಲೆಗೆ ಹೋದಾಗ ಇದು ಇತ್ತು," ಅಂದ. "ನಮ್ಮ ತಾತ ಶಾಲೆಗೆ ಹೋದಾಗ ಬೇರೆ. ಅಪ್ಪ ಹೋದಾಗ ಇನ್ನೂ ಬೇರೆ. ಮನೆಯಲ್ಲಿ ನಾವು ಮೂರು ಜನ ಕೂತು ಬಾವುಟ ಬರೆದರೆ ಮೂರು ಥರ ಬರುತ್ತೆ."

ಟೈಲರಕ್ಕ ಎದ್ದು ಅವನಿಗೆ ಟೀ ತಂದುಕೊಟ್ಟಳು. ಬೇರೆ ಕೆಲಸ ಪಕ್ಕಕ್ಕಿಟ್ಟು ತಾನೇ ಕತ್ತರಿ ಹಿಡಿದಳು. ಅವನು ಮಿಷಿನ್ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತ. ಅಂಚು ಮಡಚುವಾಗ ಬಗ್ಗಿ ನೋಡಿ, ಬಹಳ ವಿನಯದಿಂದ ಹೇಳಿದ.

"ಅಕ್ಕ, ಒಳಗೆ ಸ್ವಲ್ಪ ಬಟ್ಟೆ ಜಾಸ್ತಿ ಬಿಡಿ. ಮುಂದೆ ಆಲ್ಟರ್ ಮಾಡ್ಬೇಕಾಗ್ಬೋದು."

ಮೊದಲು ನಕ್ಕಿದ್ದು ಅವನೇ. ಆಮೇಲೆ ನಾವೂ ನಕ್ವಿ.

ಯಾವ ಕಡೆಯವನು

ದೇಶಗಳೇ ಆಗಬೇಕು ಅಂತಿಲ್ಲ. ನಾಗಸಂದ್ರದ ಹತ್ರ ಒಂದು ದೊಡ್ಡ ಅಪಾರ್ಟ್‌ಮೆಂಟ್ ಇದೆ. ಅಲ್ಲಿನ ಸಂಘದ ಲಾಂಛನ ಮೊದಲು ನವಿಲು. ಸೆಕ್ಯೂರಿಟಿಯವರ ತೋಳಿಗೆ ಹಾಕೋ ನವಿಲಿನ ಬ್ಯಾಡ್ಜ್ ನಾವೇ ಮಾಡಿದ್ದು. ಚುನಾವಣೆ ಆಗಿ ಹೊಸ ಅಧ್ಯಕ್ಷರು ಬಂದ್ರು. ಅವರಿಗೆ ನವಿಲು ಕಂಡ್ರೆ ಹಳೇ ಅಧ್ಯಕ್ಷರೇ ಕಂಡ ಹಾಗಾಗ್ತಿತ್ತೋ ಏನೋ, ನವಿಲು ತೆಗೆಸಿ ಆಲದಮರ ಹಾಕಿಸಿದ್ರು. ಹಳಬರು ತಕರಾರು ಅರ್ಜಿ ಕೊಟ್ಟು ಎರಡೇ ತಿಂಗಳಿಗೆ ವಾಪಸ್ ಬಂದ್ರು, ಮತ್ತೆ ನವಿಲು. ಮರು ಚುನಾವಣೆ, ಮತ್ತೆ ಮರ. ಪ್ರತಿ ಸಲ ಅಂಗಿಗಳ ಗಂಟು ನಮ್ಮ ಶೆಡ್ಡಿಗೆ. ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ತೋಳು ಜರಡಿ ಆಗಿತ್ತು.

ಕೊನೆಗೆ ಅಲ್ಲಿನ ಸೆಕ್ಯೂರಿಟಿಯವನು ತಾನೇ ಅಂಗಿ ಹಿಡ್ಕೊಂಡು ಬಂದ. ಯಾದಗಿರಿ ಕಡೆಯವನು, ನಡುವಯಸ್ಸು, ಭಾರಿ ಮೀಸೆ.

"ಅಕ್ಕಾರ, ಹೊಲಿಗಿ ಬ್ಯಾಡ್ರಿ," ಅಂದ. "ಬೂಟಿನ್ಯಾಗ ಟರ್ ಅಂತ ಬಿಡಸ್ತಾರಲ್ರಿ, ಆ ಪಟ್ಟಿ ಹಚ್ಚಿಕೊಡ್ರಿ. ಎರಡೂ ಚಿತ್ರ ಕಿಸೆದಾಗ ಇರ್ತಾವು. ಯಾರ ಗಾಡಿ ಬರ್ತೈತಿ, ಅವರದು ಹಚ್ಚಿಕೋತೀನಿ."

ವೆಲ್ಕ್ರೋ ಹಾಕಿಕೊಟ್ವಿ. ಸಕ್ಕತ್ತಾಗಿ ನಡೀತು. ಕೆಂಪು ಕಾರು ಕಂಡ್ರೆ ನವಿಲು, ಬಿಳಿ ಕಾರು ಕಂಡ್ರೆ ಮರ. ಇಬ್ಬರು ಅಧ್ಯಕ್ಷರೂ ಬೇರೆ ಬೇರೆಯಾಗಿ ಅವನ ನಿಷ್ಠೆ ಹೊಗಳ್ತಿದ್ರಂತೆ.

ಒಂದು ಬೆಳಿಗ್ಗೆ ಬೇರೆ ಆರ್ಡರಿನ ಮಾಲು ತಲುಪಿಸೋಕೆ ನಾನು ಆ ಗೇಟಿನ ಹತ್ರ ನಿಂತಿದ್ದೆ. ಅವತ್ತು ಇಬ್ಬರು ಅಧ್ಯಕ್ಷರೂ ಕಾರಲ್ಲಿ ಬರಲಿಲ್ಲ. ನೀರಿನ ಟ್ಯಾಂಕರ್ ವಿಷಯಕ್ಕೆ ಜಗಳ ಆಡ್ಕೊಂಡು, ಒಬ್ಬರ ಪಕ್ಕ ಒಬ್ಬರು ನಡ್ಕೊಂಡೇ ಗೇಟಿಗೆ ಬಂದ್ರು. ಇವನು ಮರ ಕಿತ್ತು ನವಿಲು ಹಚ್ಚಿದ. ನವಿಲು ಕಿತ್ತು ಮರ ಹಚ್ಚಿದ. ಟರ್, ಟರ್ ಅಂತ ಸದ್ದು ಕೇಳಿ ಇಬ್ಬರೂ ಜಗಳ ನಿಲ್ಲಿಸಿ ತಿರುಗಿ ನೋಡಿದ್ರು. ಅಷ್ಟರಲ್ಲಿ ಒಂದು ಕೈಯಲ್ಲಿ ನವಿಲು, ಒಂದು ಕೈಯಲ್ಲಿ ಮರ, ತೋಳು ಖಾಲಿ.

ಹಳೇ ಅಧ್ಯಕ್ಷರು ಕನ್ನಡಕ ಸರಿ ಮಾಡ್ಕೊಂಡ್ರು. ಹೊಸಬರು ಸೊಂಟದ ಮೇಲೆ ಕೈ ಇಟ್ಟು ಕೇಳಿದ್ರು. "ಏನಯ್ಯ ಇದು? ನೀನು ಯಾವ ಕಡೆಯವನು?"

ಅವನು ಎರಡನ್ನೂ ಕಿಸೆಗೆ ಇಳಿಸಿ, ಅಟೆನ್ಷನ್‌ಗೆ ನಿಂತು ಸೆಲ್ಯೂಟ್ ಹೊಡೆದ.

"ನಾ ಗೇಟಿನ ಕಡೆಯಾಂವ್ರಿ, ಸಾಹೇಬ್ರ."