ಗೋಧಿ ಒಗ್ಗದ ಬೀಗರಿಗೆ ಜೋಳದ ಕೇಕು

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಏಕೆಂದರೆ ಇಡೀ ಚಿತ್ತಾಪುರದಲ್ಲಿ ನನ್ನ ಪರವಾಗಿ ಸಾಕ್ಷಿ ಹೇಳುವವರು ಒಬ್ಬರೂ ಉಳಿದಿಲ್ಲ. ಹಲ್ಲು ಬಂದಾಗಿನಿಂದ ಜೋಳದ ರೊಟ್ಟಿ ತಿಂದು ಬೆಳೆದ ನಾನು, ಗೋಧಿ ತಿನ್ನಬಾರದ ಒಬ್ಬ ಮನುಷ್ಯನಿಗೆ ಏನು ತಿನ್ನಿಸಬೇಕೆಂದು ಊರೂರು ಸುತ್ತಿದೆ. ಒಂದು ಎಮ್ಮೆಯ ಹೊಟ್ಟೆ ಕೆಡಿಸಿದೆ. ಅಕ್ಕನ ಮದುವೆಯನ್ನು ಹರಿದು ಅವಳ ಕೈಗೆ ಕೊಡುವಷ್ಟರಲ್ಲಿದ್ದೆ!

ನಮ್ಮಪ್ಪ ಕೋರ್ಟಿನ ಮುಂದೆ ಬೇವಿನ ಗಿಡದ ಕೆಳಗೆ ಕೂತು ಅರ್ಜಿ ಬರೆಯುವವರು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ವರ್ಷವಾಗಿದ್ದರೂ ಮೊದಲು 'ಮೈಸೂರು' ಎಂದು ಬರೆದು, ನಾಲಿಗೆ ಕಚ್ಚಿಕೊಂಡು, ಹೊಡೆದುಹಾಕುತ್ತಿದ್ದರು. ನಾನು ಪಿಯುಸಿಯಲ್ಲಿ ಎರಡು ಸಲ ನಪಾಸು. ಊರವರ ನಕಲು ಮಾಡುವುದರಲ್ಲಿ ಮಾತ್ರ ಪ್ರಥಮ ದರ್ಜೆ. ತಹಶೀಲ್ದಾರರು ಸೀನುವುದು, ಮುಲ್ಲಾ ಸಾಹೇಬರು ಕೆಮ್ಮುವುದು, ಅಪ್ಪ ಸಿಟ್ಟಿಗೇಳುವುದು, ಎಲ್ಲ ಬರುತ್ತಿತ್ತು. ಬರದಿದ್ದದ್ದು ಕೆಲಸ ಒಂದೇ.

ಹೀಗಿರಲಾಗಿ ಸೇಡಂನಿಂದ ಒಂದು ಪತ್ರ ಬಂತು. ಕಮಲಕ್ಕನನ್ನು ನೋಡಿಕೊಂಡು ಹೋಗಿದ್ದ ಮಾಸ್ತರ ಮಹಾಂತೇಶನ ತಾಯಿ ಗುರಮ್ಮನವರು ಬರೆಸಿದ್ದು. ಸಾರಾಂಶ ಇಷ್ಟು: ಹುಡುಗನಿಗೆ ಗೋಧಿ ಒಗ್ಗುವುದಿಲ್ಲ, ಒಂದು ಚೂರು ಹೊಟ್ಟೆಗೆ ಹೋದರೂ ಎಂಟು ದಿನ ಹಾಸಿಗೆ, ಸೊಲ್ಲಾಪುರದ ಡಾಕ್ಟರು ಜನ್ಮಕ್ಕೆಲ್ಲ ಬೇಡವೆಂದಿದ್ದಾರೆ. ಹಿಂದೆ ಒಂದು ಮನೆಯಲ್ಲಿ "ಒಂದ್ ಹೋಳಿಗಿಗಿ ಏನಾಗ್ತದ್ರಿ" ಎಂದು ಒತ್ತಾಯ ಮಾಡಿ ಬಡಿಸಿದರು. ಹುಡುಗ ಮಲಗಿದ. ಆ ಸಂಬಂಧವೂ ಮಲಗಿತು. ಬರುವ ಸೋಮವಾರ ನಿಮ್ಮಲ್ಲಿ ಊಟಕ್ಕೆ ಬರುತ್ತೇವೆ, ಊಟವಾದ ಮೇಲೆ ಮಾತು ಕೊಡುತ್ತೇವೆ.

ಪತ್ರವನ್ನು ನಾನು ಗುರಮ್ಮನವರ ದನಿಯಲ್ಲೇ ಓದಿ ತೋರಿಸಿದೆ. ಯಾರೂ ನಗಲಿಲ್ಲ. ಅಕ್ಕನಿಗೆ ಮಾಸ್ತರ ಮನಸ್ಸಿಗೆ ಬಂದಿದ್ದ.

ಅವ್ವ ಹಣೆ ಚಚ್ಚಿಕೊಂಡಳು. "ಹೋಳಿಗಿ ಇಲ್ಲ, ಚಪಾತಿ ಇಲ್ಲ, ಸಜ್ಜಕ ಇಲ್ಲ, ಶಾವಿಗಿ ಇಲ್ಲ. ಬೀಗರ ತಾಟಿನಾಗ ಏನ್ ನನ್ನ ಕೈಬಳಿ ಬಿಚ್ಚಿ ಇಡ್ಲೇನು?"

"ರೊಟ್ಟಿ ಬಡೀತೀನವ್ವಾ," ಎಂದಳು ಅಕ್ಕ ಮೆಲ್ಲಗೆ.

"ಮಾತು ಕೊಡಾಕ ಬಂದವರಿಗಿ ರೊಟ್ಟೀನಾ? ಅವರೇನ್ ನಮ್ಮ ಹೊಲದಾಗ ಕಸ ತೆಗಿಲಿಕ್ಕ ಬರಾಕತ್ತಾರೇನು?"

ನಮ್ಮ ಕಡೆ ಲೆಕ್ಕ ಹಾಗೆ. ರೊಟ್ಟಿ ಮನೆಯವರದು, ಗೋಧಿ ಮರ್ಯಾದೆಯದು. ದಿನಾ ತಿನ್ನುವುದನ್ನು ಬೀಗರಿಗೆ ಬಡಿಸಿದರೆ ಓಣಿಯಲ್ಲಿ ತಲೆ ಎತ್ತುವಂತಿಲ್ಲ. ಆಗ ನಾನು ಎದ್ದುನಿಂತು, ಅಪ್ಪನ ಅರ್ಜಿಯ ಧಾಟಿಯಲ್ಲಿ ಘೋಷಿಸಿದೆ: "ಸದರಿ ಸಮಸ್ಯೆಗೆ ಸದರಿ ಅರ್ಜಿದಾರನಲ್ಲಿ ಪರಿಹಾರ ಇರುತ್ತದೆ. ಜೋಳದ ಕೇಕು!"

"ನಿನಗೇನ್ ಬರ್ತದಲೇ ಕೇಕ್ ಮಾಡಾಕ?" ಎಂದರು ಅಪ್ಪ.

"ಶಹಾಬಾದಿನ ಖಾಜಾ ಚಾಚಾನ ಬೇಕ್ರಿ ಭಟ್ಟಿ ಮುಂದ ಮೂರು ಸಲ ನಿಂತೀನಿ!"

ನಿಂತದ್ದು ನಿಜ. ಚಳಿಗೆ ಕೈ ಕಾಯಿಸಲು.

ಮೊದಲ ಘನಕಾರ್ಯ ಗಿರಣಿಯಲ್ಲಿ ನಡೆಯಿತು. ನನ್ನ ಮುಂದೆ ಯಾರದೋ ಗೋಧಿ ಬೀಸಿ ಮುಗಿದಿತ್ತು. ಗಿರಣಿಯವನು, "ಗೋಧಿ ಮ್ಯಾಲ ಜ್ವಾಳ ಹಾಕ್ಲೇನು? ಇಲ್ಲಾ ತಡದು ಜ್ವಾಳದ ಮ್ಯಾಲ ಬರ್ತಿ?" ಎಂದು ಕೇಳಿದ. ಊರಿನ ಯಾವ ಹೆಂಗಸೂ ಗೋಧಿಯ ಬೆನ್ನಿಗೆ ಜೋಳ ಹಾಕಿಸುವುದಿಲ್ಲ. ಹಿಂದಿನವರನ್ನು ಮುಂದೆ ಬಿಟ್ಟು ಕಾಯುತ್ತಾರೆ. ನನಗೋ ಕಾಯುವುದೆಂದರೆ ಮಾನಹಾನಿ. "ಹಾಕ್ರಿ, ಕಲ್ಲಿಗೇನ್ ಜಾತಿ ಅದ್ಯೇನು?" ಎಂದೆ. ಅಕ್ಕ ಮನೆಯಲ್ಲಿ ಹಿಟ್ಟಿಗೆ ನೀರು ಹಾಕಿ ಬೆರಳಲ್ಲಿ ತಿಕ್ಕಿ ನೋಡಿದಳು.

"ಶಿವ್ಯಾ, ಇದರಾಗ ಜಿಗಿ ಬರಾಕತ್ತದ. ಗೋಧಿ ಕೂಡ್ಯಾದ."

ಆ ಹಿಟ್ಟನ್ನೆಲ್ಲ ಎಮ್ಮೆಯ ಮುಂದೆ ಸುರುವಿದೆ. ಅದು ಒಂದೇ ಉಸಿರಿಗೆ ಮುಗಿಸಿ, ಎರಡು ದಿನ ಹಾಲು ಕೊಡದೆ ನನ್ನನ್ನೇ ನೋಡುತ್ತ ನಿಂತಿತು. ಬೀಗರು ಬರುವ ಮೊದಲೇ ಒಬ್ಬರ ಹೊಟ್ಟೆ ಕೆಡಿಸಿಯಾಗಿತ್ತು!

ಮತ್ತೆ ಬೀಸಿಸಿಕೊಂಡು, ಈ ಸಲ ಜೋಳದ ಮೇಲೆಯೇ, ಶನಿವಾರ ಶಹಾಬಾದಿಗೆ ಹೋದೆ. ಖಾಜಾ ಚಾಚಾ ಎಲ್ಲ ಕೇಳಿ ಗಡ್ಡ ಕೆರೆದುಕೊಂಡರು.

"ಅರೇ ಬಾಬಾ, ಮೈದಾ ಅಂದ್ರ ಗೋಧೀದೇ ಮಗ. ಅದು ಬ್ಯಾಡ. ಬರೋಬರ್. ನಾಕು ಅಂಡಾ ಒಡೀಲೇನು?"

"ನಮ್ಮ ಮನ್ಯಾಗ ತತ್ತಿ ನಡೆಯಂಗಿಲ್ಲ ಚಾಚಾ."

"ಮೈದಾ ಬ್ಯಾಡ, ಅಂಡಾ ಬ್ಯಾಡ. ಮತ್ತ ಕೇಕಿನಾಗ ಏನ್ ನಿನ್ನ ಮಾರಿ ಹಾಕ್ಲಿ?"

ಮೊಸರು ಹಾಕಿದೆವು, ಬೆಲ್ಲ ಹಾಕಿದೆವು, ಬಾಳೆಹಣ್ಣು ಕಿವುಚಿದೆವು. ಮೊದಲ ಕೇಕು ಉಬ್ಬಲೇ ಇಲ್ಲ. "ಸೋಡಾ ಕಡಿಮಿ ಬಿತ್ತು," ಎಂದು ತಜ್ಞನಂತೆ ನುಡಿದು ಎರಡನೆಯದಕ್ಕೆ ಒಂದು ಮುಷ್ಟಿ ಸೋಡಾ ಸುರಿದೆ. ಅದು ಉಬ್ಬಿತು. ಉಬ್ಬಿ, ಡಬ್ಬಿಯಿಂದ ಇಳಿದು, ಪಕ್ಕದ ಬ್ರೆಡ್ಡುಗಳ ಮೇಲೆ ಹರಿದುಹೋಯಿತು. ಮೂರನೆಯದು ನೋಡಲು ಚೆಂದ ಬಂತು. ಆದರೆ ಚಾಚಾ ಡಬ್ಬಿಗೆ ಎಣ್ಣೆ ಸವರಿ, ಅಭ್ಯಾಸಬಲದಿಂದ ಒಂದು ಹಿಡಿ ಮೈದಾ ಉದುರಿಸಿದ್ದರು!

"ಚಾಚಾ, ಇದೇನ್ ಮಾಡಿದ್ರಿ?"

"ನಲವತ್ತು ವರ್ಷ ಆತು ಬಾಬಾ, ಈ ಕೈ ನನ್ನನ್ನ ಕೇಳಂಗಿಲ್ಲ."

ನಾಲ್ಕನೆಯದಕ್ಕೆ ಡಬ್ಬಿ ತಿಕ್ಕಿ ತೊಳೆದು ಜೋಳದ ಹಿಟ್ಟನ್ನೇ ಉದುರಿಸಿದೆವು. ಸೋಡಾ ಹದ, ಬೆಂಕಿ ಹದ, ಬಣ್ಣ ಹದ. ತಣ್ಣಗಾದ ಮೇಲೆ ಬೆರಳಿನಿಂದ ತಟ್ಟಿದೆ. ಟಣ್ ಎಂದಿತು. ಚಾಚಾ ಗಂಭೀರವಾಗಿ ಹೇಳಿದರು: "ಶಹಾಬಾದಿನ ಹೆಸರು ಉಳೀತು. ಖಣಿ ಇಲ್ಲದೇ ಫರ್ಸಿ ತೆಗದ್ವಿ."

ಫರ್ಸಿ ಎಂದರೆ ಶಹಾಬಾದಿನ ಖಣಿಗಳಲ್ಲಿ ತೆಗೆಯುವ, ನಮ್ಮ ಕಡೆ ನೆಲಕ್ಕೆ ಹಾಸುವ ಕಲ್ಲು. ಕೇಕನ್ನು ಅರಿವೆಯಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ರೈಲು ಹತ್ತಿದೆ. ವಾಡಿಯಲ್ಲಿ ಗಾಡಿ ಬದಲಿಸುವಾಗ ಟಿಕೆಟ್ ಸಾಹೇಬ ಗಂಟನ್ನು ಬೆರಳಿನಿಂದ ಬಡಿದು, "ಕಲ್ಲಿಗೆ ಬೇರೆ ಪಾರ್ಸಲ್ ಚೀಟಿ ಮಾಡಸ್ಬೇಕು," ಎಂದ. "ಇದು ತಿನ್ನೋದ್ರಿ," ಎಂದೆ. ಅವನು ನನ್ನ ಮುಖವನ್ನು ಕನಿಕರದಿಂದ ನೋಡಿ ಬಿಟ್ಟುಬಿಟ್ಟ. ಮುಂದಿನ ಗಾಡಿಯಲ್ಲಿ ಪಕ್ಕಕ್ಕಿಟ್ಟ ಗಂಟಿನ ಮೇಲೆ ಒಬ್ಬ ಮಹಾಶಯ ತನ್ನ ಕಬ್ಬಿಣದ ಟ್ರಂಕು ಇಟ್ಟ. ಕೇಕು ಸರಿಯಾಗಿ ಎರಡು ಹೋಳಾಯಿತು.

ಸೋಮವಾರ ಬೆಳಿಗ್ಗೆ, ಬೀಗರ ಬಸ್ಸು ಬರಲು ಇನ್ನೊಂದು ತಾಸು. ಎರಡು ಹೋಳು ಕೇಕು ಹಿಡಿದು ನಿಂತ ನನ್ನ ಕಣ್ಣಿಗೆ ಅಪ್ಪ ಅರ್ಜಿಗೆ ಸ್ಟಾಂಪು ಅಂಟಿಸುವ ಅಂಟಿನ ಡಬ್ಬಿ ಬಿತ್ತು. ಅವ್ವ ಆವತ್ತೇ ಕಾಸಿದ ತಾಜಾ ಅಂಟು, ಬೆಳ್ಳಗೆ, ಗಟ್ಟಿಯಾಗಿ. ಸವರಿದೆ, ಒತ್ತಿದೆ, ಮೇಲೆ ಗೇರುಬೀಜ ಚುಚ್ಚಿದೆ. ಇಂಥ ಕೈಚಳಕವುಳ್ಳವನು ಚಿತ್ತಾಪುರದಂಥ ಊರಲ್ಲಿ ಹುಟ್ಟಬಾರದಿತ್ತು ಎಂದು ನನಗೇ ಅನ್ನಿಸಿತು.

ಬೀಗರು ಬಂದರು. "ಬರ್ರಿ, ಕುಂದ್ರಿ" ಆಯಿತು. ಗುರಮ್ಮನವರು ಪಡಸಾಲೆಯ ನಡುವೆ ಜಡ್ಜ್ ಸಾಹೇಬರಂತೆ ಕೂತರು. ಪಕ್ಕದಲ್ಲಿ ಸೀಮೆಸುಣ್ಣದ ಕಡ್ಡಿಯಂಥ ಮಾಸ್ತರ. ನಾನು ಕೇಕನ್ನು ಎರಡೂ ಕೈಯಲ್ಲಿ ಹೊತ್ತು ತಂದು ಅರಿಕೆ ಮಾಡಿಕೊಂಡೆ: "ತಮ್ಮ ಆರೋಗ್ಯದ ಹಿತದೃಷ್ಟಿಯಿಂದ ತಯಾರಿಸಲಾದ, ಗೋಧಿಯ ಸೋಂಕೂ ಇಲ್ಲದ ಪದಾರ್ಥ."

ಚಾಕು ಬಾಗಿತು. ಕೊನೆಗೆ ಅಪ್ಪ ಒಲೆಗೆ ಕಟ್ಟಿಗೆ ಸೀಳುವ ಕೊಡಲಿಯ ಹಿಂಬದಿಯಿಂದ ಮರ್ಯಾದೆಯಾಗಿ ಒಂದು ಪೆಟ್ಟು ಕೊಟ್ಟರು. ನಡುವಿನ ದೊಡ್ಡ ಹೋಳು ಮಾಸ್ತರನ ಪಾಲಿಗೆ ಬಂತು. ಅವನು ಪಾಪ, ಧೈರ್ಯ ಮಾಡಿ ಬಾಯಿಯ ಹತ್ತಿರ ಒಯ್ದ.

ಗುರಮ್ಮನವರು ಕಣ್ಣು ಕಿರಿದು ಮಾಡಿದರು. "ತಮ್ಮಾ, ಈ ನಡುವ ಬಿಳೇ ಗೆರಿ ಏನದು?"

"ಅದು ಅಂಟ್ರೀ!" ಎಂದೆ ಹೆಮ್ಮೆಯಿಂದ. "ಹಾದ್ಯಾಗ ಒಡದಿತ್ತು, ನಾನೇ ಕೂಡಿಸೀನ್ರಿ. ಅಂಗಡೀದಲ್ಲ, ಮನ್ಯಾಗ ಕಾಸಿದ್ದು. ಶುದ್ಧ ಮೈ..."

ಉಳಿದ ಒಂದು ಅಕ್ಷರ ಗಂಟಲಲ್ಲೇ ಸಿಕ್ಕಿಕೊಂಡಿತು. ಮಾಸ್ತರನ ಬಾಯಿ ತೆರೆದಿತ್ತು. ನನ್ನ ಬಾಯಿಯೂ ತೆರೆದಿತ್ತು. ಎಂಥೆಂಥವರ ನಕಲು ಮಾಡಿದವನಿಗೆ ಆ ಗಳಿಗೆಯಲ್ಲಿ ಸ್ವಂತ ದನಿಯೇ ಹೊರಡಲಿಲ್ಲ!

ಹಾರಿ ಬಂದವಳು ಕಮಲಕ್ಕ. ಬೀಗರ ಎದುರು ಕರೆಯದೆ ಬರಬಾರದೆಂಬ ರಿವಾಜನ್ನು ಹೊಸ್ತಿಲಲ್ಲೇ ಬಿಟ್ಟು, ಅಡುಗೆಮನೆಯಿಂದ ಒಂದೇ ಜಿಗಿತಕ್ಕೆ ಬಂದು ಅವನ ಕೈಯಿಂದ ಹೋಳನ್ನು ಕಿತ್ತು ಎಸೆದಳು.

"ತಿನಬ್ಯಾಡ್ರಿ! ಅದು ಮೈದಾದ ಅಂಟು!"

ಫರ್ಸಿಯ ಮೇಲೆ ಫರ್ಸಿ ಬಿದ್ದ ಸಪ್ಪಳವಾಯಿತು. ಮಾಸ್ತರನ ಬಿಳಿ ಅಂಗಿಯ ತೋಳಿನ ಮೇಲೆ ಅಕ್ಕನ ಐದು ಬೆರಳು ಹಿಟ್ಟಿನಲ್ಲಿ ಮೂಡಿದ್ದವು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪನ ಕೈಯಲ್ಲಿ ಕೊಡಲಿ ಇನ್ನೂ ಇತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಗುರಮ್ಮನವರು ಅಕ್ಕನ ಕೈ ನೋಡಿದರು. "ಕೈಗಿ ಏನ್ ಹತ್ಯಾದವ್ವಾ?"

"ಜ್ವಾಳದ ಹಿಟ್ರೀ. ಮನ್ಯಾಗಿನವರಿಗಿ ರೊಟ್ಟಿ ಬಡ್ಯಾಕತ್ತಿದ್ದೆ."

"ಗಿರಣ್ಯಾಗ ಗೋಧಿ ಮ್ಯಾಲ ಬೀಸಿದ್ದೇನು?"

"ಇಲ್ರಿ. ಬೀಸೋಕಲ್ಲಿನಾಗ ನಾನೇ ಬೀಸೀನಿ. ನಮ್ಮ ತಮ್ಮನ್ನ ನಂಬ್ಕೊಂಡು ಕುಂತಿಲ್ರಿ."

ಮಾಸ್ತರ ಮೊದಲ ಸಲ ಬಾಯಿ ಬಿಟ್ಟ. "ಅವ್ವಾ, ನನಗ ಭಾಳ ಹಸಿವಾಗ್ಯಾದ."

ಅವ್ವ ನಾಚಿಕೆಯಿಂದ ಮುದುಡಿಹೋಗುತ್ತ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಬಿಸಿ ರೊಟ್ಟಿ ತಂದಿಟ್ಟಳು. ಮಾಸ್ತರ ಐದು ರೊಟ್ಟಿ ತಿಂದ. ಗುರಮ್ಮನವರು ನಾಲ್ಕು. ಕೈ ತೊಳೆದು ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಪ್ಪನಿಗೆ ಹೇಳಿದರು:

"ಎಷ್ಟೋ ಮನಿ ನೋಡಿದ್ವಿ, ಬೀಗರೇ. ಎಲ್ಲಾ ಕಡಿ ತಿನ್ರಿ ತಿನ್ರಿ ಅಂತ ಬಡ್ಸಾಕ ಬಂದ್ರು. ಬಾಯಿ ಮುಂದಿಂದು ಕಸ್ಗೊಳ್ಳಾಕ ಬಂದಾಕಿ ಇಕಿ ಒಬ್ಬಾಕೀನೇ. ನಮ್ಮ ಮಾತು ಕೊಟ್ಟೀವಿ."

ಅವ್ವನ ಕಣ್ಣಲ್ಲಿ ನೀರು. ಅಕ್ಕ ನೆಲ ನೋಡುತ್ತಿದ್ದಳು. ಅಪ್ಪ ಕೊಡಲಿಯನ್ನು ಮೂಲೆಗಿಟ್ಟರು. ಎಲ್ಲ ಸುಖವಾಗಿ ಮುಗಿದಿತ್ತು. ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಈ ಸಂಬಂಧ ಕೂಡಿ ಬಂದದ್ದೇ ನನ್ನ ಕೇಕಿನಿಂದ ಎಂಬ ಐತಿಹಾಸಿಕ ಸತ್ಯವನ್ನು ಯಾರಾದರೂ ದಾಖಲೆ ಮಾಡಬೇಡವೇ? ಮುಂದೆ ಬಂದು ಕೈ ಮುಗಿದು ಅರಿಕೆ ಮಾಡಿದೆ.

"ಅತ್ತಿ, ನೀವೇನ್ ಚಿಂತಿ ಮಾಡಬ್ಯಾಡ್ರಿ. ಮದುವ್ಯಾಗ ಮಾಸ್ತರಿಗಿ ಇದರಕಿನ್ನ ದೊಡ್ಡ ಕೇಕು ಮಾಡಸ್ತೀನಿ!"

ಗುರಮ್ಮನವರು ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ತಮ್ಮಾ, ಇಷ್ಟ್ ದಿನ ನಮ್ಮ ಹುಡುಗಗ ಗೋಧಿ ಒಂದೇ ಒಗ್ತಿರ್ಲಿಲ್ಲ. ಇವತ್ತಿಗಿ ಎರಡಾದವು."